ವಾರಕ್ಕೆ ಒಂದೂವರೆ ಗಂಟೆ ಥೆರಪಿ, ಉಳಿದದ್ದೆಲ್ಲ ಮನೆಯಂಗಳದಲ್ಲಿ

"ಮಾಣಿಯನ್ನು ವಾರಕ್ಕೆ ಎರಡು ಸಲ ಒ.ಟಿ.ಗೆ ಕರೆದುಕೊಂಡು ಹೋಗಬೇಕಂತೆ" ಎಂದು ನಾನು ಹೇಳಿದಾಗ ಅತ್ತೆ ಕೈಯಲ್ಲಿದ್ದ ಅಲಸಂಡೆ ಕೆಳಗಿಟ್ಟರು. "ಎಂತ, ಆಪರೇಷನ್ನಾ? ಇಷ್ಟು ಸಣ್ಣ ಮಗುವಿಗೆ?" ಒ.ಟಿ. ಅಂದರೆ ಅವರಿಗೆ ಗೊತ್ತಿದ್ದದ್ದು ಆಪರೇಷನ್ ಥಿಯೇಟರ್ ಒಂದೇ. ನಿಜ ಹೇಳಬೇಕೆಂದರೆ ನನಗೂ ಅದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ. ಡಾಕ್ಟರ್ ಹೇಳಿದ್ದನ್ನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವರೆಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಅಷ್ಟೆ.

ಈ ಒ.ಟಿ. ಬೇರೆ. ಆಕ್ಯುಪೇಷನಲ್ ಥೆರಪಿ. ಆಕ್ಯುಪೇಷನ್ ಅಂದರೆ ಉದ್ಯೋಗ ಅಲ್ವಾ, ಎರಡೂವರೆ ವರ್ಷದ ಮಗುವಿಗೆ ಎಂತ ಉದ್ಯೋಗ ಅಂತ ನಿಮಗೂ ಅನಿಸಬಹುದು. ತಿನ್ನುವುದು, ಚಡ್ಡಿ ಹಾಕುವುದು, ಹಲ್ಲುಜ್ಜುವುದು, ಆಡುವುದು, ಅಂಗನವಾಡಿಯಲ್ಲಿ ನಾಲ್ಕು ಮಕ್ಕಳ ಜೊತೆ ಕೂರುವುದು. ಅದೇ ಅವರ ಉದ್ಯೋಗ. ಜಗಲಿಯ ಮೆಟ್ಟಿಲು ಹತ್ತಲು ಕಾಲಿಗೆ ಬಲ ಬರಿಸುವುದು ಫಿಸಿಯೋಥೆರಪಿಯವರ ಕೆಲಸ ಎನ್ನೋಣ. ಹತ್ತಿ ಬಂದ ಮಗು ಚಪ್ಪಲಿ ಬಿಟ್ಟು, ಕೈ ತೊಳೆದು, ಮಣೆಯ ಮೇಲೆ ಕೂತು ಅನ್ನ ಕಲಸಿ ತಿನ್ನಬೇಕಲ್ಲ? ಅದಕ್ಕೆ ಎಲ್ಲಿ ಅಡ್ಡಿಯಾಗುತ್ತಿದೆ ಎಂದು ಹುಡುಕಿ ದಾರಿ ಮಾಡಿಕೊಡುವವರು ಒ.ಟಿ.ಯವರು. ನಮ್ಮ ದೇಶಕ್ಕೆ ಇದು ಹೊಸತೂ ಅಲ್ಲ. ಕಮಲಾ ನಿಂಬ್ಕರ್ 1950ರಲ್ಲೇ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುರುಮಾಡಿದ್ದರು. ನಮ್ಮ ಅಡಿಕೆ ತೋಟದವರೆಗೆ ಬರಲು ಅದಕ್ಕೆ ಸ್ವಲ್ಪ ಜಾಸ್ತಿಯೇ ಸಮಯ ಹಿಡಿಯಿತು.

ನಾನು ಥೆರಪಿಸ್ಟ್ ಅಲ್ಲ. ಈಗ ಮೂರನೇ ಕ್ಲಾಸಿನಲ್ಲಿರುವ ಹುಡುಗನ ಅಮ್ಮ. ಐದು ವರ್ಷ ಓಡಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಮೊದಲು ಒಂದು ಲೆಕ್ಕ. ಸೆಷನ್ ಒಂದಕ್ಕೆ 45 ನಿಮಿಷ, ವಾರಕ್ಕೆ ಎರಡು, ಒಟ್ಟು ಒಂದೂವರೆ ಗಂಟೆ. ಮಗು ದಿನಕ್ಕೆ 12 ಗಂಟೆ ಎಚ್ಚರ ಇರುತ್ತದೆ ಅಂದುಕೊಂಡರೆ ವಾರಕ್ಕೆ 84 ಗಂಟೆ. ಬಾಕಿ ಎಂಬತ್ತೆರಡೂವರೆ ಗಂಟೆ ನಮ್ಮ ಕೈಯಲ್ಲೇ ಇದೆ.

ಮೊದಲು ಒಂದು ವಾರ ಸುಮ್ನೆ ನೋಡಿ

ಒಂದು ಹಳೆಯ ನೋಟ್‌ಪುಸ್ತಕ ತೆಗೆದುಕೊಳ್ಳಿ. ವಾರವಿಡೀ ಏನನ್ನೂ ಕಲಿಸಬೇಡಿ, ತಿದ್ದಬೇಡಿ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಮಗು ಏನು ತಾನೇ ಮಾಡುತ್ತದೆ, ಎಲ್ಲಿ ನಿಮ್ಮ ಕೈ ಹೋಗುತ್ತದೆ, ಎಲ್ಲಿ ಅಳುತ್ತದೆ ಎಂದಷ್ಟೇ ಬರೆಯಿರಿ. "ಹಠ ಮಾಡಿದ" ಎಂದು ಬರೆಯಬೇಡಿ. "ತಲೆಗೆ ನೀರು ಬಿದ್ದ ಕೂಡಲೇ ಕಿರುಚಿದ, ಮೈಗೆ ಹಾಕಿದಾಗ ಸುಮ್ಮನಿದ್ದ" ಎಂದು ಬರೆಯಿರಿ. ಥೆರಪಿಸ್ಟ್‌ಗೆ ಬೇಕಾದದ್ದು ಎರಡನೆಯದು. ಊಟ, ಆಟ, ಬಟ್ಟೆ ಹಾಕುವುದು, ಇವುಗಳ ಒಂದೊಂದು ನಿಮಿಷದ ವಿಡಿಯೋ ಮೊಬೈಲಿನಲ್ಲಿ ಇರಲಿ. ಆಸ್ಪತ್ರೆಯಲ್ಲಿ ಮಕ್ಕಳು ಮನೆಯಲ್ಲಿ ಇದ್ದ ಹಾಗೆ ಇರುವುದೇ ಇಲ್ಲ.

ವಯಸ್ಸಿನ ಅಂದಾಜು ಗೊತ್ತಿದ್ದರೆ ಅನುಕೂಲ. 9ರಿಂದ 12 ತಿಂಗಳೊಳಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಅಗುಳು ಅನ್ನ ಹೆಕ್ಕಲು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಹಿಡಿಯದೆ ನಡೆಯಲು ಶುರುಮಾಡಿದ್ದು ಸುಮಾರು 8ರಿಂದ 18 ತಿಂಗಳ ನಡುವೆ. ಎಷ್ಟು ದೊಡ್ಡ ಅಂತರ ನೋಡಿ. ಆದ್ದರಿಂದ ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತು ಎಂದು ನಿದ್ದೆಗೆಡಬೇಕಾಗಿಲ್ಲ. ಎರಡು ವರ್ಷದ ಹೊತ್ತಿಗೆ ಚೆಲ್ಲಿಕೊಂಡಾದರೂ ಚಮಚದಲ್ಲಿ ತಿನ್ನುತ್ತಾರೆ, ಮೂರಕ್ಕೆ ವೃತ್ತ ನೋಡಿ ವೃತ್ತ ಬರೆಯುತ್ತಾರೆ, ನಾಲ್ಕರ ಆಚೀಚೆ ದೊಡ್ಡ ಗುಂಡಿ ಹಾಕುತ್ತಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಹುಟ್ಟಿದ ದಿನದಿಂದ ಎಣಿಸಬಾರದು, ಡಾಕ್ಟರ್ ಮೊದಲು ಕೊಟ್ಟಿದ್ದ ಹೆರಿಗೆ ತಾರೀಕಿನಿಂದ ಎಣಿಸಬೇಕು.

ಕೆಲವಕ್ಕೆ ಮಾತ್ರ ಒಂದು ವಾರವೂ ಕಾಯಬೇಡಿ. ಬರುತ್ತಿದ್ದ ಮಾತು ಅಥವಾ ಕೆಲಸ ನಿಂತುಹೋದರೆ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ. ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಅಥವಾ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ. ಮೈ ತೀರಾ ಬಿಗಿ ಅಥವಾ ತೀರಾ ಸಡಿಲ ಇದ್ದರೆ. ತಿನ್ನುವಾಗ ಪ್ರತಿ ಸಲ ಕೆಮ್ಮು ಬಂದರೆ. ಇನ್ನೊಂದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹತ್ತು ತಿಂಗಳ ಮಗು ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತದೆ ಎಂದರೆ "ಎಡಚ" ಎಂದು ನಗುತ್ತೇವೆ. ಅಷ್ಟು ಬೇಗ ಕೈ ಗೊತ್ತಾಗುವುದಿಲ್ಲ. ಆ ವಯಸ್ಸಿನಲ್ಲಿ ಒಂದೇ ಕೈ ಬಳಸಿದರೆ ಇನ್ನೊಂದು ಕೈಗೆ ಬಲ ಕಡಿಮೆ ಇರಬಹುದು. ತೋರಿಸಿ.

"ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂಬ ಒಂದು ಮಾತಿನಲ್ಲಿ ನಮ್ಮ ಮನೆಯಲ್ಲಿ ಎಂಟು ತಿಂಗಳು ಹೋಯಿತು.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಹತ್ತಿರದ ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯಿಂದ ಶುರುಮಾಡಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ಮಕ್ಕಳ ಬೆಳವಣಿಗೆಯ ತಪಾಸಣೆ ಉಚಿತ. ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಡಿ.ಇ.ಐ.ಸಿ. ಎಂಬ ಕೇಂದ್ರ ಜಿಲ್ಲೆಗೊಂದು ಇರಬೇಕೆಂಬುದೂ ಅದರಲ್ಲೇ ಇದೆ. ಚೀಟಿ ಬರೆಸಿಕೊಂಡು ಅಲ್ಲಿಗೆ ಹೋಗಬಹುದು. ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುವವರೂ ನಮ್ಮಲ್ಲಿ ತುಂಬ ಜನ. ಎಲ್ಲೇ ಹೋಗಿ, ಕಿವಿ ಮತ್ತು ಕಣ್ಣು ಪರೀಕ್ಷೆ ಮೊದಲು ಆಗಲಿ. ಕಿವಿ ಸರಿಯಾಗಿ ಕೇಳದ ಮಗುವಿಗೆ "ಹೇಳಿದ್ದು ಕೇಳುವುದಿಲ್ಲ" ಎಂದು ತಿಂಗಳುಗಟ್ಟಲೆ ಥೆರಪಿ ಕೊಟ್ಟರೆ ಏನು ಬಂತು?

ನಮ್ಮ ಜಿಲ್ಲೆಗೆ ಇನ್ನೊಂದು ಭಾರ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆದದ್ದು 2011ರಲ್ಲಿ. ಆದರೂ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಮಗು ಸ್ವಲ್ಪ ನಿಧಾನ ಅಂದರೆ ಮನೆಯವರ ಎದೆಯಲ್ಲಿ ಮೊದಲು ಏಳುವುದು ಆ ವಿಷದಿಂದಲೇ ಹೀಗಾಯಿತೋ ಎಂಬ ಹೆದರಿಕೆ. ಕೆಲವರು ಆ ಹೆದರಿಕೆಗೇ ತೋರಿಸದೆ ಕೂರುತ್ತಾರೆ. ನಾನು ಹೇಳುವುದಿಷ್ಟೆ: ಕಾರಣ ಗೊತ್ತಾದ ಮೇಲೆಯೇ ಥೆರಪಿ ಶುರುವಾಗಬೇಕೆಂದಿಲ್ಲ. ಕಾಯಿಲೆಗೆ ಹೆಸರು ಸಿಗುವ ಮೊದಲೇ ಚಮಚ ಹಿಡಿಯಲು ಕಲಿಸಬಹುದು. ಬೌದ್ಧಿಕ ವೈಕಲ್ಯ ಇರುವ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಲ್ಲಿ ಇರುವ ಟೀಚರುಗಳ ಹತ್ತಿರ ಒಮ್ಮೆ ಮಾತಾಡಿ. ನಿಮ್ಮ ಮಗು ಅಲ್ಲಿಗೆ ಸೇರದಿದ್ದರೂ ಪರವಾಗಿಲ್ಲ. ಅವರು ಕಂಡಷ್ಟು ಮಕ್ಕಳನ್ನು ಬೇರೆ ಯಾರೂ ಕಂಡಿರುವುದಿಲ್ಲ.

ಭಾಷೆಯ ವಿಚಾರ ಇಲ್ಲಿ ಸಣ್ಣದಲ್ಲ. ಮೊದಲ ದಿನ ಥೆರಪಿಸ್ಟ್ "ವಾ, ಇವಿಡೆ ಇರಿಕ್ಕ್" ಎಂದರು. ನಮ್ಮವ ನಿಂತೇ ಇದ್ದ. "ಸೂಚನೆ ಪಾಲಿಸುವುದಿಲ್ಲ" ಎಂದು ಫೈಲಿನಲ್ಲಿ ಬರೆದಾಯಿತು. "ಇಲ್ಲಿ ಕೂರು" ಎಂದು ನಾನು ಹೇಳಿದ ಕೂಡಲೇ ಕೂತ! ಅಂದಿನಿಂದ ಒಂದು ಚೀಟಿ ಮಾಡಿದೆ. ಬಾ, ಕೂರು, ಕೊಡು, ಸಾಕು, ಇನ್ನೂ ಬೇಕು, ನೋವು, ಉಚ್ಚೆ. ಮನೆಯಲ್ಲಿ ಹೇಳುವ ಮಾತು ಒಂದು ಸಾಲಿನಲ್ಲಿ, ಅದರ ಮಲಯಾಳ ಮಾತು ಎದುರಿಗೆ, ಓದುವವರಿಗೆ ಸುಲಭವಾಗಲೆಂದು ಎರಡೂ ಮಲಯಾಳ ಲಿಪಿಯಲ್ಲಿ. ತುಳು, ಕೊಂಕಣಿ, ಬ್ಯಾರಿ ಮನೆಯವರೂ ಹೀಗೆ ಮಾಡಬಹುದು. "ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಮಗುವಿಗೆ ಗೊಂದಲ ಆಗ್ತದೆ" ಎಂದು ಯಾರಾದರೂ ಹೇಳಿದರೆ ಮನೆಮಾತು ಬಿಡಬೇಡಿ. ಹಲವು ಭಾಷೆ ಕೇಳುವುದರಿಂದ ಬೆಳವಣಿಗೆ ಹಿಂದೆ ಬೀಳುವುದಿಲ್ಲ. ಅಜ್ಜಿಯ ಮಾತು ಕಳೆದುಕೊಂಡರೆ ಮಗುವಿನ ಹತ್ತಿರ ದಿನವಿಡೀ ಮಾತಾಡುವ ಒಬ್ಬರು ಕಡಿಮೆಯಾಗುತ್ತಾರೆ.

ಇನ್ನೊಂದು ತಪ್ಪು ನನ್ನದೇ. ನಾವು ಮೊದಲು ಹೋದ ಜಾಗದಲ್ಲಿ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ಮುಕ್ಕಾಲು ಗಂಟೆಯ ನಂತರ "ಆಯ್ತು" ಎಂದು ಹೊರಗೆ ಕಳಿಸುತ್ತಿದ್ದರು. ಮೂರು ತಿಂಗಳು ಹೊರಗೆ ಬೆಂಚಿನಲ್ಲಿ ಕೂತು ದುಡ್ಡು ಕೊಟ್ಟು ಬಂದೆ, ಒಳಗೆ ಏನಾಯಿತೆಂದು ಕೇಳಲಿಲ್ಲ. ನೀವು ಕೇಳಿ. ನಾನು ಒಳಗೆ ಕೂರಬಹುದೇ? ಈ ಆಟ ಯಾವುದಕ್ಕಾಗಿ? ಈ ವಾರ ಮನೆಯಲ್ಲಿ ಮಾಡಬೇಕಾದ ಒಂದು ಕೆಲಸ ಯಾವುದು? ಎಷ್ಟು ವಾರ ಬಿಟ್ಟು ಪುನಃ ನೋಡೋಣ? ಇದಕ್ಕೆ ಸಿಟ್ಟಾಗುವ ಜಾಗದಿಂದ ಎದ್ದು ಬನ್ನಿ. ಒಳ್ಳೆಯ ಥೆರಪಿಸ್ಟ್ ಮಗುವಿಗಿಂತ ಜಾಸ್ತಿ ಅಮ್ಮನಿಗೆ ಕಲಿಸುತ್ತಾರೆ.

ಒಂದೇ ಕೆಲಸ, ಕೊನೆಯ ತುದಿಯಿಂದ

ಪುಸ್ತಕದಲ್ಲಿ ಬರೆದದ್ದರಿಂದ ಒಂದೇ ಒಂದು ಕೆಲಸ ಆರಿಸಿ. ದಿನವೂ ಬರುವಂಥದ್ದು, ಮಗುವಿಗೂ ಬೇಕಾದದ್ದು. ನಾವು ಆರಿಸಿದ್ದು ಚಡ್ಡಿ ಹಾಕುವುದು. ಇದನ್ನು ಮೊದಲ ಹೆಜ್ಜೆಯಿಂದ ಕಲಿಸಲು ಹೋಗಿ ನಾನೂ ಕಣ್ಣೀರು ಹಾಕಿದೆ, ಅವನೂ ಅತ್ತ. ಕೊನೆಯಿಂದ ಕಲಿಸಬೇಕು ಎಂದು ಮತ್ತೆ ಗೊತ್ತಾಯಿತು.

ಹೀಗೆ: ಸಡಿಲ ಇಲಾಸ್ಟಿಕ್‌ನ ಚಡ್ಡಿ ತೆಗೆದುಕೊಳ್ಳಿ. ಮಗುವನ್ನು ಗಿಡ್ಡ ಮಣೆಯ ಮೇಲೆ ಕೂರಿಸಿ, ಪಾದ ನೆಲಕ್ಕೆ ತಾಗಲಿ. ಎರಡೂ ಕಾಲು ನೀವೇ ತೂರಿಸಿ, ನಿಲ್ಲಿಸಿ, ಸೊಂಟದ ಹತ್ತಿರದವರೆಗೆ ನೀವೇ ಏರಿಸಿ. ಕೊನೆಯ ನಾಲ್ಕು ಬೆರಳಿನಷ್ಟು ಮಾತ್ರ ಮಗು ಎಳೆಯಲಿ. ಎಳೆದಾಯಿತು, ಕೆಲಸ ಮುಗಿಯಿತು, ಗೆದ್ದದ್ದು ಅವನೇ. ಅದು ಮೂರು ನಾಲ್ಕು ದಿನ ಸಲೀಸಾಗಿ ಬಂದ ಮೇಲೆ ತೊಡೆಯಿಂದ. ಆಮೇಲೆ ಮೊಣಕಾಲಿನಿಂದ. ಕಾಲು ತೂರಿಸುವುದು ಎಲ್ಲಕ್ಕಿಂತ ಕಷ್ಟ, ಅದು ಕಟ್ಟಕಡೆಗೆ. ನಮಗೆ ಏಳು ವಾರ ಹಿಡಿಯಿತು. ಚಪ್ಪಲಿ, ಅಂಗಿ, ಕೈ ತೊಳೆಯುವುದು, ಯಾವುದನ್ನೂ ಹೀಗೆಯೇ ತುಂಡು ಮಾಡಬಹುದು.

ಸಹಾಯ ಮಾಡುವಾಗ ಮಗುವಿನ ಕೈಯನ್ನು ಮೇಲಿನಿಂದ ಗಟ್ಟಿ ಹಿಡಿದು ಆಡಿಸಬೇಡಿ. ನಿಮ್ಮ ಕೈ ಅವನ ಕೈಯ ಅಡಿಯಲ್ಲಿರಲಿ, ಬೇಡವಾದಾಗ ಅವನು ತೆಗೆಯಬಹುದು. ಒಂದು ಸಲ ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹತ್ತು ತುಂಬ ಉದ್ದ! ಮೂರಕ್ಕೇ ನಮ್ಮ ಕೈ ಹೋಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಇದನ್ನು ಹೇಳಿಕೊಡುವುದು ಮಗುವಿಗೆ ಕಲಿಸುವುದಕ್ಕಿಂತ ದೊಡ್ಡ ಕೆಲಸ. "ಅಯ್ಯೋ ಪಾಪ, ಕೊಡು ಇಲ್ಲಿ" ಎಂದು ಅತ್ತೆ ಬಂದುಬಿಡುತ್ತಿದ್ದರು. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಜಗಳ ಮಾಡಿ ಉಪಯೋಗ ಆಗಲಿಲ್ಲ. "ಕೊನೆಯ ಎಳೆತ ಅವನದ್ದು, ಉಳಿದದ್ದೆಲ್ಲ ನಿಮ್ಮದು" ಎಂದು ಅವರಿಗೂ ಒಂದು ಪಾಲು ಕೊಟ್ಟಾಗ ದಾರಿಗೆ ಬಂತು.

ಸೌಟು, ಹಾಳೆ, ಹಪ್ಪಳ

ಥೆರಪಿ ಕೋಣೆಯಲ್ಲಿ ಮೆತ್ತನೆಯ ಜೇಡಿಮಣ್ಣು, ತೂಗುವ ಉಯ್ಯಾಲೆ, ತೂಕದ ಚೀಲ, ಮಣಿ ಪೋಣಿಸುವ ದಾರ ಇರುತ್ತವೆ. ಅವೆಲ್ಲ ನಮ್ಮ ಮನೆಗಳಲ್ಲಿ ಬೇರೆ ಹೆಸರಿನಲ್ಲಿ ಇವೆ. ಆದರೆ ಬೆರಳಿನಿಂದ ಶುರುಮಾಡಬೇಡಿ. ಬೆರಳಿನ ಕೆಲಸಕ್ಕೆ ಮೊದಲು ಹೊಟ್ಟೆ, ಬೆನ್ನು, ಹೆಗಲು ಗಟ್ಟಿ ನಿಲ್ಲಬೇಕು. ಕುರ್ಚಿಯಲ್ಲಿ ಕಾಲು ನೇತಾಡಿಸಿಕೊಂಡು ಕೂತ ಮಗುವಿನ ಬಲವೆಲ್ಲ ಬೀಳದಂತೆ ಕೂರುವುದಕ್ಕೇ ಖರ್ಚಾಗುತ್ತದೆ. ಕಾಲಡಿಗೆ ಒಂದು ಮಣೆ ಇಡಿ, ಊಟದಲ್ಲೇ ವ್ಯತ್ಯಾಸ ಕಾಣುತ್ತದೆ. ಇನ್ನೂ ನಡೆಯದ ಮಗುವಾದರೆ ಎಚ್ಚರ ಇದ್ದಾಗ ಚಾಪೆಯ ಮೇಲೆ ಕವುಚಿ ಮಲಗಿಸಿ ಆಡಿಸಿ, ನಾಲ್ಕಾರು ಸಲ ಸೇರಿ ದಿನಕ್ಕೆ ಅರ್ಧ ಗಂಟೆಯಾದರೂ ಆಗಲಿ. ಚಕ್ರದ ವಾಕರ್ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳುವುದು ಮಾತ್ರ ಬೇಗ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ.

ಅಡಿಕೆ ಹಾಳೆ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಸಾಮಾನು ನಾನು ಯಾವ ಸೆಂಟರಿನಲ್ಲೂ ನೋಡಲಿಲ್ಲ. ಮಗುವನ್ನು ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆಯಿರಿ. ಬೀಳದಿರಲು ಬೆನ್ನು ನೆಟ್ಟಗಾಗುತ್ತದೆ, ಕೈ ಬಿಗಿ ಹಿಡಿಯುತ್ತದೆ. ಆಮೇಲೆ ಅವನು ಎಳೆಯಲಿ, ಹಾಳೆಯಲ್ಲಿ ಎರಡು ತೆಂಗಿನಕಾಯಿ ಇರಲಿ. ಎಳೆಯುವುದು, ನೂಕುವುದು, ಹೊರುವುದು, ಇಂಥ ಭಾರದ ಕೆಲಸ ಹೆಗಲಿಗೆ ಬಲ ಕೊಡುತ್ತದೆ. ಚಡಪಡಿಸುವ ಮಕ್ಕಳನ್ನು ಸ್ವಲ್ಪ ಹೊತ್ತು ತಣ್ಣಗೆ ಮಾಡುವುದನ್ನೂ ನಾನು ಕಂಡಿದ್ದೇನೆ. ಸುಲಿದ ಕಾಯಿ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿಗೆಯಿಂದ ಅಡಿಗೆಮನೆಗೆ ತರುವುದು ಮೂರು ವರ್ಷದವನಿಗೆ ದೊಡ್ಡ ಜವಾಬ್ದಾರಿ. ಕೆಂಪುಕಲ್ಲಿನ ಗೋಡೆಗೆ ಹಳೆಯ ಪೇಂಟಿಂಗ್ ಬ್ರಷ್‌ನಿಂದ ನೀರು ಬಳಿಯಲು ಬಿಡಿ. ಒದ್ದೆಯಾದಲ್ಲಿ ಬಣ್ಣ ಕಪ್ಪಾಗುತ್ತದೆ, ಒಣಗಿ ಮಾಯವಾಗುತ್ತದೆ, ಪುನಃ ಬಳಿಯಬೇಕು. ತಲೆಗಿಂತ ಎತ್ತರಕ್ಕೆ ಕೈ ಎತ್ತಿ ಮಾಡುವ ಈ ಆಟ ಬರವಣಿಗೆಗೆ ಮೊದಲ ಪಾಠ.

ತೋಟದಲ್ಲಿ ಅಡಿಕೆ ಹೆಕ್ಕುವುದೂ ಒಳ್ಳೆಯದೇ. ಕುಕ್ಕರಗಾಲಲ್ಲಿ ಕೂತು ಏಳುವುದು, ಬುಟ್ಟಿಗೆ ಹಾಕುವುದು. ಆದರೆ ಅಡಿಕೆಗೆ ಮದ್ದು ಸಿಂಪಡಿಸಿದ ದಿನಗಳಲ್ಲಿ ತೋಟಕ್ಕೇ ಬೇಡ, ಬಾಯಿಗೆ ಹಾಕುವ ವಯಸ್ಸಿನವರಿಗೂ ಬೇಡ.

ಇನ್ನು ಕೈಗೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುವ ಮನೆಯಾದರೆ ನಿಮಗೆ ಬೇರೆ ಏನೂ ಬೇಡ. ಹಿಟ್ಟು ಗುದ್ದಿದ ಮೇಲೆ, ಮೆಣಸು ಹಾಕುವ ಮೊದಲು ಒಂದು ಮುದ್ದೆ ಬದಿಗೆ ತೆಗೆದಿಡಿ. ಮೆಣಸಿನ ಕೈ ಕಣ್ಣಿಗೆ ಹೋದರೆ ಮಗು ಮತ್ತೆ ಆ ಹಿಟ್ಟು ಮುಟ್ಟುವುದಿಲ್ಲ. ಅಂಗೈಗೆ ಎಣ್ಣೆ ಸವರುವುದು, ಉಂಡೆ ಕಟ್ಟುವುದು, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಮೈಭಾರ ಹಾಕಿ ಒತ್ತುವುದು, ಹರಿಯದ ಹಾಗೆ ಬಿಡಿಸಿ ಚಾಪೆಗೆ ಹಾಕುವುದು. ಅಂಗೈ, ಮಣಿಕಟ್ಟು, ಹೆಗಲು, ಬೆರಳು, ಕಣ್ಣು, ಎಲ್ಲದಕ್ಕೂ ಕೆಲಸ. ಹಿಟ್ಟು ಮುಟ್ಟಲು ಹೇಸುವ ಮಗುವಾದರೆ ಒತ್ತುವ ಕೆಲಸ ಮಾತ್ರ ಕೊಡಿ, ಪ್ಲಾಸ್ಟಿಕ್ ಮೇಲಿಂದ. ನಮ್ಮವ ಒಂದು ಬೇಸಿಗೆ ಇಡೀ ಒತ್ತಿದ, ಮುಟ್ಟಲಿಲ್ಲ. ಮರುವರ್ಷ ಉಂಡೆ ಕಟ್ಟಿದ.

ಉಳಿದ ದಿನಗಳಿಗೆ ಅಲಸಂಡೆ ಮುರಿಯುವುದು, ಬಸಳೆ ಎಲೆ ಚಿವುಟುವುದು, ಕರವಸ್ತ್ರ ಹಿಂಡುವುದು, ಬಟ್ಟೆಗೆ ಕ್ಲಿಪ್ ಸಿಕ್ಕಿಸುವುದು, ಚೆಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು ಇದೆ. ಬಚ್ಚಲಿನಲ್ಲೇ ಬಗ್ಗಿಸಲಿ, ಚೆಲ್ಲಿದರೂ ಯಾರೂ ಬೈಯಬೇಕಾಗಿಲ್ಲ. ಬಾಲ್ದಿ ತುಂಬಿದ್ದರೆ ಮಾತ್ರ ಒಂದು ನಿಮಿಷವೂ ಒಬ್ಬನೇ ಬಿಡಬೇಡಿ.

ಚೆನ್ನೆಮಣೆಯ ಹದಿನಾಲ್ಕು ಗುಳಿಗೆ ನಾಲ್ಕು ನಾಲ್ಕು ಕಾಳು ಹಾಕುವುದು ಬೆರಳಿಗೂ ಲೆಕ್ಕಕ್ಕೂ ಚೆನ್ನ. ಅದನ್ನು ಮಳೆಗಾಲದ ಆಟಿ ತಿಂಗಳಿನಲ್ಲಿ ಮಾತ್ರ ಆಡಬೇಕು ಎಂದು ಅತ್ತೆ ಬಿಡಲಿಲ್ಲ. ಆಯಿತು, ಇಡ್ಲಿ ತಟ್ಟೆ ತೆಗೆದು ಹುಣಸೆಬೀಜ ಹಾಕಿಸಿದೆ. ಅದಕ್ಕೆ ಯಾವ ತಿಂಗಳೂ ನಡೆಯುತ್ತದೆ. ಗುಲಗಂಜಿ ಮಾತ್ರ ಚಂದ ಇದೆ ಎಂದು ಕೊಡಬೇಡಿ, ಅದು ವಿಷ. ಯಾವ ಬೀಜವಾದರೂ ಮೂಗಿಗೆ, ಬಾಯಿಗೆ ತುರುಕುವ ಮಕ್ಕಳ ಹತ್ತಿರ ದೊಡ್ಡವರು ಕೂತೇ ಇರಬೇಕು.

ಚೆಂಡೆ, ಮಿಕ್ಸಿ, ಕತ್ತರಿ

ಕೆಲವು ಮಕ್ಕಳಿಗೆ ಸದ್ದು, ಸ್ಪರ್ಶ, ವಾಸನೆ ನಮಗಿಂತ ಜೋರಾಗಿ ತಾಗುತ್ತದೆ. ಇನ್ನು ಕೆಲವರಿಗೆ ಎಷ್ಟು ತಾಗಿದರೂ ಸಾಲದು. ಗೋಡೆಗೆ ಗುದ್ದುತ್ತಾರೆ, ಗಿರಗಿರ ತಿರುಗುತ್ತಾರೆ. ಅಮೆರಿಕದ ಜೀನ್ ಏರ್ಸ್ ಎಂಬ ಥೆರಪಿಸ್ಟ್ ಇದರ ಬಗ್ಗೆ 1970ರ ದಶಕದಲ್ಲಿ ಬರೆದದ್ದು ಈಗಲೂ ಚರ್ಚೆಯಲ್ಲಿದೆ. ತೂಕದ ಜಾಕೆಟ್, ಮೈಗೆ ಬ್ರಷ್ ಉಜ್ಜುವುದು ಇವುಗಳಿಗೆ ಗಟ್ಟಿ ಪುರಾವೆ ಇಲ್ಲ. ದುಬಾರಿ ಸಾಮಾನು ತರುವ ಮೊದಲು ಎರಡು ಸಲ ಯೋಚಿಸಿ. ಬೇಕಾದ ಕೆಲಸವನ್ನೇ ಮನೆಯಲ್ಲಿ ದಿನವೂ ಮಾಡಿಸುವುದಕ್ಕೆ ಪುರಾವೆ ಹೆಚ್ಚು.

ಸದ್ದಿಗೆ ನಾವು ಮಾಡಿದ್ದು ಹೀಗೆ. ಮಿಕ್ಸಿ ಹಾಕುವ ಮೊದಲು ಹೇಳುವುದು, ಸ್ವಿಚ್ ಅವನ ಕೈಯಲ್ಲೇ ಕೊಡುವುದು. ತಾನೇ ಹಾಕಿದ ಸದ್ದು ಅಷ್ಟು ಹೆದರಿಸುವುದಿಲ್ಲ. ನಮ್ಮೂರಲ್ಲಿ ಯಕ್ಷಗಾನ ಬಿಟ್ಟು ಇರಲು ಆಗುವುದಿಲ್ಲವಲ್ಲ, ಆದ್ದರಿಂದ ಮೊಬೈಲಿನಲ್ಲಿ ಚೆಂಡೆ ಸಣ್ಣಗೆ ಹಾಕಿ ವಾಲ್ಯೂಮ್ ಬಟನ್ ಅವನಿಗೆ ಕೊಟ್ಟೆವು. ಎರಡು ವಾರ ಬಿಟ್ಟು ಆಟಕ್ಕೆ ಹೋದೆವು, ಗದ್ದೆಯ ಆಚೆ ಬದಿಯಲ್ಲಿ ಬೈಕಿನ ಹತ್ತಿರ ನಿಂತು ಹತ್ತು ನಿಮಿಷ. ಅವನು ಅಳುವ ಮೊದಲೇ ಹೊರಟೆವು. ಇದು ಮುಖ್ಯ. ಅತ್ತ ಮೇಲೆ ಹೊರಟರೆ ಅಳುವುದೇ ದಾರಿ ಎಂದು ಕಲಿಯುತ್ತಾನೆ. ಈಗ ವೇಷಗಳ ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಕಿವಿಗೆ ಇಯರ್‌ಮಫ್ ಹಾಕಿಕೊಂಡು. ಜಾತ್ರೆಯಲ್ಲಿ ಸಿಡಿಸುವ ಗರ್ನಾಲಿನ ಸದ್ದು ಮಾತ್ರ ಇಂದಿಗೂ ಆಗುವುದಿಲ್ಲ. ಬೇಡ ಬಿಡಿ.

ಕೂದಲು ತೆಗೆಸುವ ಮೊದಲು ಅಂಗೈಯಿಂದ ತಲೆಯನ್ನು ಗಟ್ಟಿಯಾಗಿ ಒತ್ತಿ. ಹಗುರ ಸವರುವುದಕ್ಕಿಂತ ಗಟ್ಟಿ ಒತ್ತುವುದನ್ನು ಹೆಚ್ಚಿನ ಮಕ್ಕಳು ಸಹಿಸುತ್ತಾರೆ. ಚಾವಡಿಯ ಉಯ್ಯಾಲೆ ಮೆಲ್ಲಗೆ, ಹಿಂದೆ ಮುಂದೆ ಒಂದೇ ತಾಳದಲ್ಲಿ ತೂಗಿದರೆ ಶಾಂತವಾಗುತ್ತಾರೆ, ಸುತ್ತು ತಿರುಗಿಸಿದರೆ ಕೆರಳುತ್ತಾರೆ. ಮುಖ ಬಿಳಚಿದರೆ, ಬೆವರಿದರೆ ಕೂಡಲೇ ನಿಲ್ಲಿಸಿ. ಅಪಸ್ಮಾರ ಇರುವ ಮಗುವಾದರೆ ಉಯ್ಯಾಲೆಗೆ ಮೊದಲು ಡಾಕ್ಟರನ್ನು ಕೇಳಿ.

ತಟ್ಟೆಯ ಮುಂದೆ

ಮಗು ಕೈಯಲ್ಲೇ ತಿನ್ನಲಿ. ಅನ್ನ ಕಲಸುವುದು, ಐದು ಬೆರಳು ಸೇರಿಸಿ ತುತ್ತು ಮಾಡುವುದು, ಹೆಬ್ಬೆರಳಿನಿಂದ ಬಾಯಿಗೆ ನೂಕುವುದು ಸಣ್ಣ ಕೌಶಲ ಅಲ್ಲ. ಹೊಸ ತಿಂಡಿಯನ್ನು ಬಾಯಿಗೆ ತುರುಕಬೇಡಿ. ತಟ್ಟೆಯ ಮೂಲೆಯಲ್ಲಿ ಒಂದು ಚೂರು ಇರಲಿ. ಮೂಸಿದರೂ ಲೆಕ್ಕ, ಮುಟ್ಟಿದರೂ ಲೆಕ್ಕ. ಗಂಜಿಯ ತೆಳಿಯಿಂದ ಗಟ್ಟಿ ಗಂಜಿಗೆ, ಅಲ್ಲಿಂದ ಮೆತ್ತಗಿನ ನೀರುದೋಸೆಗೆ, ಒಂದೊಂದೇ ಮೆಟ್ಟಿಲು. ಇಡೀ ಕಡಲೆ, ಗೋಡಂಬಿ, ಹಲಸಿನ ಬೇಳೆ ಐದು ವರ್ಷದವರೆಗೆ ಬೇಡ, ಜಜ್ಜಿ ಕೊಡಿ. ರಂಬುಟಾನ್ ಈಗ ತುಂಬ ಮನೆಗಳಲ್ಲಿದೆ. ಬೀಜ ತೆಗೆಯದೆ ಕೊಡಲೇಬೇಡಿ, ಜಾರಿ ಗಂಟಲಿಗೆ ಹೋಗುತ್ತದೆ.

ಅಕ್ಷರಕ್ಕೆ ಅವಸರ ಬೇಡ

ವಿಜಯದಶಮಿಗೆ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುತ್ತೇವಲ್ಲ, ಅದನ್ನು ಒಂದು ದಿನಕ್ಕೇ ಏಕೆ ನಿಲ್ಲಿಸುತ್ತೇವೋ ಗೊತ್ತಿಲ್ಲ. ಬೆರಳಿಗೆ ಅಕ್ಕಿ ತಾಗುತ್ತದೆ, ಗೆರೆ ಕಾಣುತ್ತದೆ, ತಪ್ಪಾದರೆ ತಟ್ಟೆ ಅಲುಗಿಸಿದರೆ ಮುಗಿಯಿತು. ಮಾರನೆಯ ದಿನವೇ ಪೆನ್ಸಿಲ್ ಕೊಟ್ಟು ಕಾಪಿ ಬರೆಸುವುದು ಶುರುಮಾಡಿದರೆ ಬೆರಳು ತಾಳುವುದಿಲ್ಲ. ವರ್ಷವಿಡೀ ಅಕ್ಕಿ ತಟ್ಟೆ, ಮರಳು, ಗೋಡೆಗೆ ನೀರು ಇರಲಿ. ಮೊದಲು ಮೇಲಿಂದ ಕೆಳಗೆ ಗೆರೆ, ಅಡ್ಡ ಗೆರೆ, ಮೂರರ ಹೊತ್ತಿಗೆ ವೃತ್ತ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಅದು ಕಳೆದು ಚೌಕ, ಐದರ ಸುಮಾರಿಗೆ ತ್ರಿಕೋನ. ಕನ್ನಡ ಅಕ್ಷರ ಎಲ್ಲ ಸುತ್ತು ಸುರುಳಿ, ಆದ್ದರಿಂದ ವೃತ್ತ ಗಟ್ಟಿಯಾದ ಮೇಲೆ ಅ, ಆ ಅಲ್ಲ. ನಮ್ಮ ಶಾಲೆಗಳ ಹಳೆಯ ರೂಢಿ ರ, ಗ, ಸ, ದ, ಅ ಸರಿಯಾಗಿಯೇ ಇದೆ, ಸುಲಭದಿಂದ ಕಷ್ಟಕ್ಕೆ. ಬರೆಯಲು ಉದ್ದ ಪೆನ್ಸಿಲ್ ಬೇಡ, ಅರ್ಧ ಇಂಚಿನ ಸೀಮೆಸುಣ್ಣದ ತುಂಡು ಕೊಡಿ. ಅಷ್ಟು ಸಣ್ಣದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳು ತಾನಾಗಿ ಸರಿಯಾಗಿ ಕೂರುತ್ತದೆ. ನಮಗೆ ಇದೊಂದು ಉಪಾಯ ಬೇರೆಲ್ಲ ಗ್ರಿಪ್ಪರುಗಳಿಗಿಂತ ಜಾಸ್ತಿ ಕೆಲಸ ಮಾಡಿತು.

ಮೊಬೈಲ್ ಬಗ್ಗೆ ಎಲ್ಲರಿಗೂ ಗೊತ್ತು. ಎರಡು ವರ್ಷದೊಳಗೆ ಬೇಡ, ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆಗಿಂತ ಕಡಿಮೆ. ಊಟದ ಹೊತ್ತಿಗೆ ಮಾತ್ರ ದಯವಿಟ್ಟು ಬೇಡ. ಪರದೆ ನೋಡುತ್ತ ಬಾಯಿ ತೆರೆಯುವ ಮಗು ಊಟವನ್ನು ಕಲಿಯುತ್ತಿಲ್ಲ.

ಕಾಗದಪತ್ರ ಮತ್ತು ಪುಸ್ತಕ

ವೈಕಲ್ಯ ಇದೆ ಎಂದು ಡಾಕ್ಟರ್ ಬರೆದುಕೊಟ್ಟರೆ ಯು.ಡಿ.ಐ.ಡಿ. ಎಂಬ ಸರಕಾರದ ವೈಕಲ್ಯ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ನಾಚಿಕೆಪಡಬೇಡಿ. 2016ರ ಕಾನೂನಿನಲ್ಲಿ 21 ಬಗೆಯ ವೈಕಲ್ಯ ಸೇರಿವೆ. 40 ಶೇಕಡಾ ಮತ್ತು ಮೇಲಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು. ಪ್ರತಿ ಕಾಗದದ ಎರಡು ಜೆರಾಕ್ಸ್ ಇಟ್ಟುಕೊಳ್ಳಿ.

ದಿನಕ್ಕೆ ಹತ್ತು ನಿಮಿಷದಂತೆ ಮೂರು ಸಲ ಸಾಕು, ಅದೂ ಹೇಗೂ ಮಾಡಲೇಬೇಕಾದ ಕೆಲಸದ ಮಧ್ಯೆ. ಜ್ವರ ಬಂದ ದಿನ ರಜೆ, ನಿಮಗೆ ಸುಸ್ತಾದ ದಿನವೂ ರಜೆ. ಆರೇಳು ವಾರ ಕಳೆದರೂ ಏನೂ ಬದಲಾಗದಿದ್ದರೆ ಮಗುವನ್ನು ದೂರಬೇಡಿ. ತುಂಡು ದೊಡ್ಡದಾಗಿದೆ ಎಂದರ್ಥ. ಪುಸ್ತಕ ಹಿಡಿದುಕೊಂಡು ಥೆರಪಿಸ್ಟ್ ಹತ್ತಿರ ಹೋಗಿ, ಇನ್ನೂ ಸಣ್ಣದು ಮಾಡಿಸಿ. ಪುಸ್ತಕದಲ್ಲಿ ಉದ್ದ ಬರೆಯಬೇಕಾಗಿಲ್ಲ. ತಾರೀಕು, ಏನು ಮಾಡಿದ, ಎಷ್ಟು ಸಹಾಯ ಬೇಕಾಯಿತು. ನನ್ನ ಪುಸ್ತಕದ ಒಂದು ಜುಲೈ ಪುಟದಲ್ಲಿ ಇಷ್ಟೇ ಇದೆ: "ಮಳೆ. ಕರೆಂಟಿಲ್ಲ. ಚಡ್ಡಿ ಅವನೇ ಹಾಕಿದ, ಹಿಂದುಮುಂದು. ಅತ್ತೆ ಸುಮ್ಮನೆ ಕೂತಿದ್ದರು."